ಸಂಬಳ ಸರಿಯಾಗಿ ಕೊಟ್ಟರೂ ಯಾಕೆ ಬಿಟ್ಟು ಹೋಗುತ್ತಾರೆ?

(ಕೆಲಸದ ಜಾಗದ ಪ್ರಶ್ನೆಗಳಿಗೆ ಕಾರ್ಖಾನೆ ಕೆಲಸಗಾರರ ಕ್ಷೇಮ ನೋಡಿಕೊಳ್ಳುತ್ತಿದ್ದ ನಿವೃತ್ತ ವೆಲ್ಫೇರ್ ಆಫೀಸರ್ ಉತ್ತರ)

ಪ್ರಶ್ನೆ: ಮೇಡಂ, ದೊಡ್ಡಬಳ್ಳಾಪುರದ ಹತ್ತಿರ ನನ್ನದೊಂದು ಸಣ್ಣ ಹೊಲಿಗೆ ಯೂನಿಟ್ ಇದೆ. ಶಾಲೆ ಯೂನಿಫಾರಂ ಹೊಲಿಯುತ್ತೇವೆ. 46 ಜನ ಕೆಲಸಕ್ಕಿದ್ದರು, ಅವರಲ್ಲಿ 40 ಹೆಂಗಸರು. 7ನೇ ತಾರೀಕಿನೊಳಗೆ ಸಂಬಳ ಹಾಕುತ್ತೇನೆ. ಅಕ್ಕಪಕ್ಕದ ಯೂನಿಟ್‌ಗಳಿಗಿಂತ 500 ರೂಪಾಯಿ ಜಾಸ್ತಿಯೇ ಕೊಡುತ್ತೇನೆ. ತಿಂಗಳಲ್ಲಿ ಒಂದೂ ರಜೆ ಹಾಕದವರಿಗೆ 600 ರೂಪಾಯಿ ಅಟೆಂಡೆನ್ಸ್ ಬೋನಸ್ ಇದೆ. 'ತಿಂಗಳ ಉತ್ತಮ ಟೈಲರ್' ಅಂತ ಗೋಡೆಗೆ ಫೋಟೋ ಹಾಕುತ್ತೇವೆ. ಇಷ್ಟಾದರೂ ಯುಗಾದಿಯಿಂದ ಜೂನ್ ಒಳಗೆ 11 ಹೆಂಗಸರು ಬಿಟ್ಟು ಹೋದರು. ಅದೂ ನಮ್ಮ ಸೀಸನ್‌ನಲ್ಲಿ, ರಾತ್ರಿ ಏಳರವರೆಗೆ ಓಟಿ ನಡೆಯುವಾಗ. ಅವರಲ್ಲಿ ಐವರು ಒಂದೇ ಊರಿನವರು, ದೊಡ್ಡ ಫ್ಯಾಕ್ಟರಿಯೊಂದಕ್ಕೆ ನನಗಿಂತ ಕಡಿಮೆ ಸಂಬಳಕ್ಕೆ ಸೇರಿದ್ದಾರೆ. ಎಂಬಿಎ ಓದುತ್ತಿರುವ ನನ್ನ ಮಗ, ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಮ್ಯಾಸ್ಲೋ ಪಿರಮಿಡ್ ಅನ್ನುವ ಚಿತ್ರ ತೋರಿಸಿ, 'ಕೆಳಗಿನ ಮೆಟ್ಟಿಲು ಆಯ್ತಪ್ಪ, ಈಗ ಗೌರವದ ಮೆಟ್ಟಿಲು ನೋಡಬೇಕು' ಅನ್ನುತ್ತಾನೆ. ಇವರಿಗೆ ಇನ್ನೇನು ಬೇಕು ಮೇಡಂ?
– ಹೆಸರು ಬೇಡ, ದೊಡ್ಡಬಳ್ಳಾಪುರ

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. 'ಇವರಿಗೆ ಇನ್ನೇನು ಬೇಕು' ಅಂತ ನನ್ನನ್ನು ಕೇಳಿದ್ದೀರಿ. ಅವರನ್ನು ಕೇಳಿದ್ದೀರಾ? ಆಕ್ಷೇಪಣೆಗೆ ಹೇಳುತ್ತಿಲ್ಲ. 23 ವರ್ಷ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಕೆಲಸ ಮಾಡಿದೆ. ಕೇಳದೆ ಊಹೆ ಮಾಡಿಕೊಳ್ಳುವ ತಪ್ಪನ್ನು ನಾನೂ ಮಾಡಿದ್ದೇನೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

1999ನೇ ಇಸವಿ. ಪೀಣ್ಯದ ಒಂದು ಕಾರ್ಖಾನೆ. 600 ಜನ ಇದ್ದರು. 500 ಜನ ಇದ್ದರೆ ವೆಲ್ಫೇರ್ ಆಫೀಸರ್ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು, ಹಾಗಾಗಿ ನಾನಿದ್ದೆ. ಮೂರನೇ ಲೈನಿನಲ್ಲಿ ಶರ್ಟಿಗೆ ಕಾಲರ್ ಕೂರಿಸುವ ಒಬ್ಬ ಹೆಣ್ಣುಮಗಳಿದ್ದಳು. ಕಾಲರ್ ಕೆಲಸ ಎಲ್ಲರ ಕೈಗೂ ಬರುವಂಥದ್ದಲ್ಲ. ಒಂದು ಎಳೆ ಆಚೀಚೆಯಾದರೂ ಕಾಲರ್ ಸೊಟ್ಟಗೆ ಕೂರುತ್ತದೆ. ಅವಳು ಹೊಲಿದ ಪೀಸ್ ಆಲ್ಟರ್‌ಗೆ ವಾಪಸ್ ಬಂದದ್ದೇ ಅಪರೂಪ. ಒಂದು ತಿಂಗಳು ಅವಳಿಗೆ ಬಹುಮಾನ ಕೊಡಿಸಿದೆ, ಒಂದು ಸ್ಟೀಲ್ ಹಾಟ್‌ಬಾಕ್ಸ್. ಇಡೀ ಫ್ಲೋರ್ ಚಪ್ಪಾಳೆ ಹೊಡೆಯಿತು. ಅದಾಗಿ ಮೂರು ವಾರಕ್ಕೆ ಅವಳು ಕೆಲಸಕ್ಕೆ ಬರುವುದನ್ನು ನಿಲ್ಲಿಸಿದಳು.

ಫ್ಲೋರ್ ಇನ್‌ಚಾರ್ಜ್ 'ತಲೆ ತಿರುಗಿದೆ, ಬೇರೆ ಕಡೆ ಜಾಸ್ತಿ ಸಿಕ್ಕಿರಬೇಕು' ಅಂದರು. ನಾನೂ ನಂಬಿದೆ. ಆಮೇಲೆ ಮನಸ್ಸು ತಡೆಯದೆ ಲಗ್ಗೆರೆಯ ಅವಳ ಮನೆಗೆ ಹೋದೆ. ಒಂದೇ ಕೋಣೆ. ಎರಡು ವರ್ಷದ ಮಗು ಚಾಪೆ ಮೇಲೆ ಕೂತಿತ್ತು. ಆ ಹಾಟ್‌ಬಾಕ್ಸ್‌ನಲ್ಲೇ ಮಗುವಿಗೆ ಅನ್ನ ಕಲಸಿಟ್ಟಿದ್ದಳು. 'ಎಲ್ಲಾರ್ಗೂ ತೋರ್ಸಿದೀನಿ ಮೇಡಂ, ಇದು ಫ್ಯಾಕ್ಟ್ರೀಲಿ ಕೊಟ್ಟಿದ್ದು ಅಂತ' ಅಂದಳು. ಹೇಳುವಾಗ ಮುಖದಲ್ಲಿ ಹೆಮ್ಮೆ ಇತ್ತು. ಮತ್ತೆ ಯಾಕೆ ಬಿಟ್ಟೆ ಅಂದೆ. ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆ ಬಿದ್ದು ಸೊಂಟ ಮುರಿದುಕೊಂಡಿದ್ದರಂತೆ, ಊರಿಗೆ ಕಳಿಸಿದ್ದರಂತೆ. 'ಕ್ರೆಶ್ ಇದೆಯಲ್ಲಮ್ಮ' ಅಂದೆ. 'ಅದಕ್ಕೆ ಯಾವಾಗ್ಲೂ ಬೀಗ ಇರತ್ತಲ್ಲ ಮೇಡಂ.'

ಆ ಮಾತು ಇವತ್ತಿಗೂ ಮರೆತಿಲ್ಲ. 30ಕ್ಕಿಂತ ಜಾಸ್ತಿ ಹೆಂಗಸರಿದ್ದ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಒಂದು ಕೋಣೆ ಇರಬೇಕು ಅಂತ ಆ ಕಾಯ್ದೆಯಲ್ಲೇ ಇತ್ತು. ನಮ್ಮಲ್ಲಿ ಕೋಣೆ ಇತ್ತು, ತೊಟ್ಟಿಲು ಇತ್ತು, ಗೋಡೆ ಮೇಲೆ ಗಿಳಿಯ ಚಿತ್ರವೂ ಇತ್ತು. ಬೈಯರ್, ಅಂದರೆ ನಮ್ಮ ಬಟ್ಟೆ ಕೊಳ್ಳುವ ಕಂಪನಿ ಕಡೆಯವರು ತಪಾಸಣೆಗೆ ಬರುವ ದಿನ ಬೀಗ ತೆಗೆಯುತ್ತಿದ್ದರು. ಉಳಿದ ದಿನ ಅದರೊಳಗೆ ರಟ್ಟಿನ ಪೆಟ್ಟಿಗೆ ತುಂಬಿರುತ್ತಿತ್ತು. ಅದರ ರಿಜಿಸ್ಟರ್‌ಗೆ ಸಹಿ ಹಾಕುತ್ತಿದ್ದವಳು ನಾನೇ. ಆಮೇಲೆ ನಾಲ್ಕು ತಿಂಗಳು ಮೇಲಿನವರ ಜೊತೆ ಗುದ್ದಾಡಿ ಆ ಕೋಣೆ ತೆಗೆಸಿದೆ, ಒಬ್ಬ ಆಯಾ ಬಂದಳು. ಮೊದಲ ವಾರವೇ 11 ಮಕ್ಕಳು ಬಂದವು. ಆ ಕಾಲರ್ ಹುಡುಗಿ ಮಾತ್ರ ವಾಪಸ್ ಬರಲಿಲ್ಲ. ಅಷ್ಟರಲ್ಲಿ ಮನೆಯಲ್ಲೇ ಊದುಬತ್ತಿ ಹೊಸೆಯಲು ಶುರು ಮಾಡಿದ್ದಳು.

ಈಗ ನಿಮ್ಮ ಮಗನ ಪಿರಮಿಡ್ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೋ ಈ ವಿಚಾರ ಬರೆದದ್ದು 1943ರಲ್ಲಿ. ಆ ಲೇಖನದಲ್ಲಿ ಪಿರಮಿಡ್ ಚಿತ್ರವೇ ಇಲ್ಲ. ಒಂದು ಮೆಟ್ಟಿಲು ಪೂರ್ತಿ ಮುಗಿದ ಮೇಲೇ ಇನ್ನೊಂದು ಅಂತಲೂ ಅವರು ಹೇಳಲಿಲ್ಲ. ಅದು ತಪ್ಪು ತಿಳಿವಳಿಕೆ ಅಂತ ಅವರೇ ಬರೆದಿದ್ದಾರೆ. ಸುಮ್ನೆ ಅಂದಾಜಿಗೆ ಅಂತ ಹೇಳಿ ಒಂದು ಲೆಕ್ಕ ಕೊಡುತ್ತಾರೆ. ಸಾಮಾನ್ಯ ಮನುಷ್ಯನಿಗೆ ಹೊಟ್ಟೆ, ನಿದ್ದೆಯಂಥ ಅಗತ್ಯ ನೂರಕ್ಕೆ 85ರಷ್ಟು ತೀರಿರಬಹುದು, ಭದ್ರತೆ 70ರಷ್ಟು, ಪ್ರೀತಿ 50, ತನ್ನ ಬಗ್ಗೆ ಗೌರವ 40, ತನ್ನೊಳಗಿನದು ಅರಳುವುದು 10. ಅಂದರೆ ಎಲ್ಲವೂ ಒಟ್ಟಿಗೇ ಇರುತ್ತವೆ, ಎಲ್ಲವೂ ಅರ್ಧಂಬರ್ಧ ತೀರಿರುತ್ತವೆ. ನಾನು ಕಣ್ಣಾರೆ ಕಂಡದ್ದೂ ಇದೇ. ಆ ಹುಡುಗಿಗೆ ಹಾಟ್‌ಬಾಕ್ಸ್ ಬೇಕಾಗಿತ್ತು, ಚಪ್ಪಾಳೆಯೂ ಬೇಕಾಗಿತ್ತು. ಜೊತೆಗೆ ಮಗುವನ್ನು ಬಿಡಲು ಒಂದು ಜಾಗವೂ ಬೇಕಾಗಿತ್ತು. ಒಂದನ್ನು ಕೊಟ್ಟು ಇನ್ನೊಂದರ ಲೆಕ್ಕ ಚುಕ್ತಾ ಮಾಡಲು ಆಗುವುದಿಲ್ಲ.

ನಿಮ್ಮ ಮಗ ನಾಳೆ ಹರ್ಜ್‌ಬರ್ಗ್ ಅನ್ನುವ ಇನ್ನೊಬ್ಬ ಮನಶ್ಶಾಸ್ತ್ರಜ್ಞರ ಹೆಸರನ್ನೂ ತರಬಹುದು. ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಮುತ್ತ ಸುಮಾರು 200 ಎಂಜಿನಿಯರ್, ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಅವರ ತಂಡ ಒಂದು ಮಾತು ಹೇಳಿತು. ಸಂಬಳ ಸರಿಯಿಲ್ಲದಿದ್ದರೆ ಬೇಸರ ಬರುತ್ತದೆ, ಆದರೆ ಸರಿ ಇದ್ದ ಮಾತ್ರಕ್ಕೆ ಹುರುಪು ಬರುವುದಿಲ್ಲ ಅಂತ. ಮಾತು ಒಳ್ಳೆಯದೇ. ಆದರೆ ಅವರೆಲ್ಲ ಎಂಜಿನಿಯರ್, ಅಕೌಂಟೆಂಟ್‌ಗಳು, ನೆನಪಿರಲಿ. ನಮ್ಮ ಟೈಲರ್‌ಗಳ ಸಂಬಳ ಬಾಡಿಗೆ, ಗ್ಯಾಸು, ಚೀಟಿ ಕಟ್ಟುವುದರೊಳಗೆ ಮುಗಿದುಹೋಗುತ್ತದೆ. 'ದುಡ್ಡು ಮುಖ್ಯ ಅಲ್ಲ' ಅಂತ ಅವರ ಮುಂದೆ ಯಾರೂ ಹೇಳಬಾರದು.

ನೀವು ಕೊಟ್ಟ ವಿವರದಲ್ಲೇ ನನಗೆ ಕೆಲವು ಸುಳಿವು ಕಾಣುತ್ತಿವೆ. ಅವರು ಬಿಟ್ಟದ್ದು ಯುಗಾದಿಯಿಂದ ಜೂನ್ ಒಳಗೆ. ಅದು ನಿಮಗೆ ಯೂನಿಫಾರಂ ಸೀಸನ್. ಅವರ ಮನೆಯಲ್ಲಿ ಅದೇ ಫೀಸಿನ ಸೀಸನ್, ಅಲ್ವಾ? ನೀವು ಹೊಲಿಸುವ ಯೂನಿಫಾರಂ ಅವರ ಮಕ್ಕಳಿಗೂ ಬೇಕು. ಪುಸ್ತಕ, ಶೂ, ವ್ಯಾನ್ ಫೀಸು ಎಲ್ಲ ಒಂದೇ ತಿಂಗಳಲ್ಲಿ ಬರುತ್ತವೆ. ಆಗ ಕೈಗೆ ಒಟ್ಟಿಗೆ ದುಡ್ಡು ಸಿಗುವ ಒಂದೇ ದಾರಿ ಪಿಎಫ್. ಅದನ್ನು ತೆಗೆಯಲು ಕೆಲಸ ಬಿಡುತ್ತಾರೆ. ಕೆಲಸದ ಮೇಲೆ ಸಿಟ್ಟಾಗಿ ಬಿಡುವುದಲ್ಲ. ನನ್ನ ಸರ್ವೀಸಿನಲ್ಲಿ ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ರಾಜೀನಾಮೆಗಳ ರಾಶಿ ಬೀಳುತ್ತಿತ್ತು. ಮ್ಯಾನೇಜರ್‌ಗಳು ಇದನ್ನು 'ನಿಷ್ಠೆ ಇಲ್ಲ' ಅಂತ ಓದುತ್ತಿದ್ದರು. ನಾನು ಅದನ್ನು ಫೀಸು ಅಂತ ಓದಲು ಕಲಿತೆ.

2016ರ ಏಪ್ರಿಲ್ ನಿಮಗೆ ನೆನಪಿರಬೇಕು. ಮಾಲೀಕರು ಕಟ್ಟುವ ಪಿಎಫ್ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ಆ ವರ್ಷ ನಿಯಮ ಮಾಡಿತ್ತು. ಏಪ್ರಿಲ್ 18ರಂದು ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಬಂದು ಕೂತರು. ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ. ಮಾರನೇ ದಿನ ಪೀಣ್ಯ ಕಡೆಗೂ ಹಬ್ಬಿತು, ಗಲಾಟೆಯಾಯಿತು, ಲಾಠಿ ಬೀಸಿದರು. 19ರ ಸಂಜೆ ಸರ್ಕಾರ ಆ ನಿಯಮವನ್ನೇ ವಾಪಸ್ ತೆಗೆದುಕೊಂಡಿತು. ಆಗ ನಾನು ಮೈಸೂರು ರಸ್ತೆಯ ಕಾರ್ಖಾನೆಯೊಂದರಲ್ಲಿದ್ದೆ. ನಮ್ಮ ಚೆಕ್ಕಿಂಗ್ ಟೇಬಲ್ಲಿನ ಹಿರಿಯಕ್ಕ ಒಬ್ಬರು ನನಗೆ ಹೇಳಿದ ಮಾತಿದು: '58ಕ್ಕೆ ನನ್ ಕಣ್ಣು ಕಾಣತ್ತೋ ಇಲ್ವೋ ಮೇಡಂ. ಮಗಳ ಕಾಲೇಜು ಈ ವರ್ಷ.' ಸೂಪರ್‌ವೈಸರ್ ಬೈದರೂ ತಲೆ ತಗ್ಗಿಸಿ ಹೊಲಿಯುತ್ತಿದ್ದ ಹೆಂಗಸರು ಅವತ್ತು ಹೆದ್ದಾರಿಯನ್ನೇ ನಿಲ್ಲಿಸಿದರು. ಭದ್ರತೆ ಅನ್ನುವ ಅಗತ್ಯಕ್ಕೆ ಎಷ್ಟು ಬಲ ಇದೆ ಅಂತ ಆ ಎರಡು ದಿನದಲ್ಲಿ ಕಂಡ ಹಾಗೆ ನಾನು ಇನ್ನೆಲ್ಲೂ ಕಂಡಿಲ್ಲ.

ಹಾಗಾಗಿ ಮುಂದಿನ ಮಾರ್ಚಿನಲ್ಲೇ ಒಂದು ಕೆಲಸ ಮಾಡಿ. ಫೀಸಿಗೆ ಬೇಕಾದವರಿಗೆ ಐದೋ ಆರೋ ಸಾವಿರ ಅಡ್ವಾನ್ಸ್ ಕೊಡಿ, ಹತ್ತು ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ಮುರಿದುಕೊಳ್ಳಿ. ಪಿಎಫ್, ಇಎಸ್‌ಐ ಕಟ್ಟುತ್ತೀರಿ ಅಂತಲೇ ಅಂದುಕೊಳ್ಳುತ್ತೇನೆ. 20 ಜನ ಅಥವಾ ಜಾಸ್ತಿ ಇದ್ದರೆ ಪಿಎಫ್, 10 ಅಥವಾ ಜಾಸ್ತಿ ಇದ್ದರೆ ಇಎಸ್‌ಐ ಕಡ್ಡಾಯ. ಆದರೆ ಕಟ್ಟುವುದು ಬೇರೆ, ಕಟ್ಟಿದ್ದು ಅವರಿಗೆ ಗೊತ್ತಾಗುವುದು ಬೇರೆ. ಪ್ರತಿಯೊಬ್ಬರ ಮೊಬೈಲಿಗೂ ಮೆಸೇಜ್ ಬರುತ್ತಿದೆಯಾ, ಆಧಾರ್‌ನಲ್ಲಿರುವ ಹೆಸರು ಪಿಎಫ್ ಖಾತೆಯಲ್ಲಿರುವ ಹೆಸರು ಒಂದೇ ಇದೆಯಾ, ಕೂತು ನೋಡಿ. 'ಮಂಜುಳ', 'ಮಂಜುಳಾ ಬಾಯಿ' ಅನ್ನುವಷ್ಟು ವ್ಯತ್ಯಾಸಕ್ಕೆ ವರ್ಷಗಟ್ಟಲೆ ದುಡ್ಡು ಸಿಗದೆ ಅಳುವವರನ್ನು ನೋಡಿದ್ದೇನೆ.

ಎರಡನೆಯ ಸುಳಿವು ಆ ಐದು ಜನ, ಒಂದೇ ಊರಿನವರು. ಓಟಿ ಏಳಕ್ಕೆ ಮುಗಿಯುತ್ತದೆ ಅಂದಿರಿ. ಅವರ ಊರಿಗೆ ಕೊನೇ ಬಸ್ ಎಷ್ಟು ಹೊತ್ತಿಗೆ? ಆರೂವರೆಗೇ ಹೋಗಿಬಿಟ್ಟರೆ, ಕತ್ತಲಲ್ಲಿ ಕ್ರಾಸ್‌ನಿಂದ ಒಳಗೆ ನಡೆಯಬೇಕು. ಐದು ಜನ ಇದ್ದಾಗ ಹೇಗೋ ನಡೆಯುತ್ತಾರೆ. ಅವರಲ್ಲಿ ಇಬ್ಬರು ಬಿಟ್ಟರೆ ಉಳಿದ ಮೂವರೂ ಬಿಡುತ್ತಾರೆ. ದೊಡ್ಡ ಫ್ಯಾಕ್ಟರಿಯ ವ್ಯಾನ್ ಊರಿನ ಬಾಗಿಲಿಗೆ ಬರುತ್ತಿರಬಹುದು. ಹಾಗಿದ್ದರೆ ಕಡಿಮೆ ಸಂಬಳಕ್ಕೆ ಹೋದದ್ದು ಹುಚ್ಚುತನ ಅಲ್ಲ. ಜೊತೆ ಬಿಡದೆ, ಹೆದರಿಕೆ ಇಲ್ಲದೆ ಮನೆ ಸೇರುವುದಕ್ಕೆ ಅವರು ಕೊಟ್ಟ ಬೆಲೆ ಅದು.

ಅಟೆಂಡೆನ್ಸ್ ಬೋನಸ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ, ಅದನ್ನು ಬದಲಾಯಿಸಿ. ಮಗುವಿಗೆ ಜ್ವರ ಬಂದು ಒಂದು ದಿನ ರಜೆ ಹಾಕಿದರೆ ದಿನದ ಸಂಬಳವೂ ಹೋಯಿತು, 600 ರೂಪಾಯಿಯೂ ಹೋಯಿತು. ಕೊಡುವಾಗ ನಿಮಗೆ ಅದು ಬಹುಮಾನ, ಕಳೆದುಕೊಳ್ಳುವಾಗ ಅವಳಿಗೆ ಅದು ದಂಡ. ಇನ್ನೊಂದು ಆಗುತ್ತದೆ ನೋಡಿ. 5ನೇ ತಾರೀಕಿಗೇ ಬೋನಸ್ ಹೋದ ಮೇಲೆ, ಉಳಿದ ತಿಂಗಳು ಇನ್ನೆರಡು ರಜೆ ಹಾಕಿದರೇನಂತೆ ಅನಿಸುತ್ತದೆ. ತಿಂಗಳಿಗೆ ಒಂದು ರಜೆಗೆ ಬೋನಸ್ ಕಟ್ ಆಗದ ಹಾಗೆ ಮಾಡಿ. ಅಥವಾ ಅದನ್ನು ಸಂಬಳಕ್ಕೇ ಸೇರಿಸಿಬಿಡಿ.

ಫೋಟೋ ವಿಷಯ. ಕಫ್ ಹೊಲಿಯುವವಳು ನಿಧಾನಿಸಿದರೆ ತೋಳು ಹಚ್ಚುವವಳು ಸುಮ್ಮನೆ ಕೂರಬೇಕು. ಲೈನಿನ ಕೆಲಸ ಅಂಥದ್ದು. ಅಲ್ಲಿ ಒಬ್ಬಳ ಫೋಟೋ ಗೋಡೆಗೆ ಹಾಕಿದರೆ ಮಧ್ಯಾಹ್ನದ ಊಟಕ್ಕೆ ಅವಳು ಒಂಟಿಯಾಗುತ್ತಾಳೆ. ಇಡೀ ಲೈನಿನ ಫೋಟೋ ಹಾಕಿ.

ಇಷ್ಟೆಲ್ಲ ನನ್ನ ಊಹೆ. ನಿಜ ಗೊತ್ತಿರುವುದು ಆ 11 ಜನಕ್ಕೆ. ಅವರ ಮನೆಗಳಿಗೆ ಹೋಗಿ. ವಾಪಸ್ ಕರೆಯಲು ಹೋಗಬೇಡಿ, ಕೇಳಿಸಿಕೊಳ್ಳಲು ಹೋಗಿ. ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋದರೆ ಮಾತು ಸಲೀಸು. 'ಏನು ಕಷ್ಟ' ಅಂತ ಕೇಳಬೇಡಿ. 'ಏನಿಲ್ಲ ಸಾರ್' ಅಂತಲೇ ಉತ್ತರ ಬರುತ್ತದೆ. 'ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ' ಅಂತ ಕೇಳಿ. ಅಲ್ಲಿಂದ ಶುರುವಾಗುತ್ತದೆ. ನಾಲ್ಕೂವರೆಗೆ ಏಳುತ್ತಾರೆ, ಯಾಕೆಂದರೆ ನಲ್ಲಿ ಬರುವುದು ಆಗ. ಆಮೇಲೆ ತಿಂಡಿ, ಮಕ್ಕಳ ಡಬ್ಬಿ, ಬಸ್. ಬೆಳಿಗ್ಗೆಯಿಂದ ರಾತ್ರಿವರೆಗೆ ದಿನ ಹೇಗೆ ಹೋಗುತ್ತದೆ ಅಂತ ಅವರು ಹೇಳುತ್ತಾ ಹೋದ ಹಾಗೆ, ಎಲ್ಲಿ ಉಸಿರು ಕಟ್ಟುತ್ತಿದೆ ಅಂತ ನಿಮಗೇ ಕಾಣುತ್ತದೆ. ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವನು ಓದಿದ್ದು ಅಲ್ಲಿ ಕೂತಾಗ ಅರ್ಥವಾಗುತ್ತದೆ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ 12 ವರ್ಷದಿಂದ ಟೈಲರ್. ಸೂಪರ್‌ವೈಸರ್ ಆಗು ಅಂತ ಎರಡು ಸಲ ಕರೆದರು, ಬೇಡ ಅಂದೆ. ಇನ್ನೊಬ್ಬರನ್ನು ಬೈದು ಕೆಲಸ ಮಾಡಿಸುವುದು ನನ್ನ ಕೈಲಾಗಲ್ಲ. ಹೊಸ ಡಿಸೈನ್ ಬಂದಾಗ, ಅದನ್ನು ಹೇಗೆ ಕೂರಿಸಬೇಕು ಅಂತ ನೋಡುವಾಗ ಮಾತ್ರ ತುಂಬಾ ಖುಷಿ. 'ನಿನಗೆ ಮುಂದೆ ಬರೋ ಆಸೆನೇ ಇಲ್ಲ' ಅಂತ ಮನೆಯವರು ಹೇಳುತ್ತಾರೆ. ನನ್ನಲ್ಲಿ ಏನಾದರೂ ಕೊರತೆ ಇದೆಯಾ ಮೇಡಂ?
– ಓದುಗರು, ಮದ್ದೂರು

ಉತ್ತರ: ನೋಡಿ ತಂಗಿ, ಕೊರತೆ ಏನೂ ಇಲ್ಲ. ನಿಮ್ಮ ಆಸೆಯ ದಾರಿ ಬೇರೆ, ಅಷ್ಟೇ.

ಡೇವಿಡ್ ಮೆಕ್‌ಲೆಲೆಂಡ್ ಅಂತ ಒಬ್ಬ ಅಮೆರಿಕದ ಮನಶ್ಶಾಸ್ತ್ರಜ್ಞರಿದ್ದರು. 1960ರ ದಶಕದಲ್ಲಿ ನಮ್ಮ ಪಕ್ಕದ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಡಿಸಿ ಅವರು ನಡೆಸಿದ ಅಧ್ಯಯನ ಹೆಸರಾಗಿದೆ. ಮನುಷ್ಯನನ್ನು ಕೆಲಸಕ್ಕೆ ಎಬ್ಬಿಸುವ ಮೂರು ಹಸಿವುಗಳ ಬಗ್ಗೆ ಅವರು ಹೇಳುತ್ತಿದ್ದರು. ಒಂದು ಕೆಲಸವನ್ನು ಚೆನ್ನಾಗಿ ಸಾಧಿಸಬೇಕು ಅನ್ನುವುದು, ನಾಲ್ಕು ಜನರ ಜೊತೆ ಪ್ರೀತಿಯಿಂದ ಇರಬೇಕು ಅನ್ನುವುದು, ಇನ್ನೊಬ್ಬರನ್ನು ನಡೆಸಬೇಕು ಅನ್ನುವುದು. ಮೂರೂ ಎಲ್ಲರಲ್ಲೂ ಇರುತ್ತವೆ, ಅಳತೆ ಮಾತ್ರ ಬೇರೆ. ನಿಮ್ಮ ಪತ್ರದಲ್ಲಿ ಮೊದಲನೆಯದು ಎದ್ದು ಕಾಣುತ್ತದೆ. ಸೂಪರ್‌ವೈಸರ್ ಕೆಲಸಕ್ಕೆ ಜಾಸ್ತಿ ಬೇಕಾಗುವುದು ಮೂರನೆಯದು.

ಸೂಪರ್‌ವೈಸರ್‌ಗಳ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೇಲಿನವರು ಪ್ರೊಡಕ್ಷನ್ ಎಲ್ಲಿ ಅಂತ ಗಂಟೆಗೊಮ್ಮೆ ಕೇಳುತ್ತಾರೆ, ಕೆಳಗಿನವರ ಶಾಪ ಬೇರೆ. ಒಳ್ಳೆಯ ಟೈಲರ್‌ಗಳನ್ನು ಎಬ್ಬಿಸಿ ಆ ಜಾಗಕ್ಕೆ ನಿಲ್ಲಿಸಿ, ಒಬ್ಬ ಒಳ್ಳೆಯ ಟೈಲರ್‌ನನ್ನೂ ಕಳೆದುಕೊಂಡು, ಒಬ್ಬ ನೊಂದ ಸೂಪರ್‌ವೈಸರ್‌ನನ್ನು ಪಡೆದ ಕಾರ್ಖಾನೆಗಳು ಎಷ್ಟೋ.

ನೀವು ಸ್ಯಾಂಪಲ್ ಸೆಕ್ಷನ್ ಕೇಳಿ. ಅಲ್ಲಿ ಒಬ್ಬರೇ ಇಡೀ ಪೀಸ್ ಹೊಲಿಯುತ್ತಾರೆ. ದಿನಾ ಹೊಸ ಡಿಸೈನ್, ಪ್ಯಾಟರ್ನ್ ಮಾಸ್ಟರ್ ಜೊತೆ ಕೆಲಸ. ಲೈನಿನ ಟೈಲರ್‌ಗಿಂತ ಸಂಬಳವೂ ಸಾಮಾನ್ಯವಾಗಿ ಹೆಚ್ಚು. ನಿಮ್ಮ ಫ್ಯಾಕ್ಟರಿಯಲ್ಲಿ ಆ ಸೆಕ್ಷನ್ ಇಲ್ಲದಿದ್ದರೆ, ಹೊಸದಾಗಿ ಸೇರುವ ಹುಡುಗಿಯರಿಗೆ ಕೆಲಸ ಕಲಿಸುವ ಜಾಗ ಕೇಳಿ. ಬಾಯಲ್ಲಿ ಕೇಳಿದರೆ ಮರೆತುಬಿಡುತ್ತಾರೆ. ನಿಮಗೆ ಬರುವ ಆಪರೇಷನ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಡಿ: ಕಾಲರ್, ಕಫ್, ಪಾಕೆಟ್, ಓವರ್‌ಲಾಕ್, ಏನೇನು ಬರುತ್ತದೋ ಎಲ್ಲವನ್ನೂ. 12 ವರ್ಷದ ಹಾಳೆ ಉದ್ದವೇ ಇರುತ್ತದೆ. ಮನೆಯವರಿಗೂ ಅದನ್ನು ಓದಿ ಹೇಳಿ.

ಪ್ರಶ್ನೆ: ನಮ್ಮದು ಬಟ್ಟೆ ಅಂಗಡಿ. ನಾಲ್ವರು ಹುಡುಗಿಯರು, ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ. ದೀಪಾವಳಿಗೆ ಅವರಿಗೆ ಸ್ವೀಟ್ ಬಾಕ್ಸ್ ಕೊಡುವುದೋ, ದುಡ್ಡು ಕೊಡುವುದೋ? ಯಾವುದರಿಂದ ಜಾಸ್ತಿ ಹುರುಪು ಬರುತ್ತದೆ? ಹಬ್ಬದ ವಾರ ಅವರಿಗೆ ಕೂರೋಕೂ ಪುರುಸೊತ್ತು ಇರಲ್ಲ, ಅಷ್ಟು ವ್ಯಾಪಾರ.
– ಓದುಗರು, ದಾವಣಗೆರೆ

ಉತ್ತರ: ಎರಡೂ ಕೊಡಿ. ಆದರೆ ದುಡ್ಡನ್ನು ಹಬ್ಬದ ಹಿಂದಿನ ರಾತ್ರಿ ಕೊಡಬೇಡಿ. ಹತ್ತು ದಿನ ಮುಂಚೆ ಕೊಡಿ, ಜೊತೆಗೆ ಅರ್ಧ ದಿನ ಬಿಡುವೂ ಕೊಡಿ. ಊರಿಗೆಲ್ಲ ಹಬ್ಬದ ಬಟ್ಟೆ ತೋರಿಸಿದವರು ತಮ್ಮ ಮಕ್ಕಳಿಗೆ ಅಂಗಡಿ ಮುಚ್ಚಿದ ಮೇಲೆ ಉಳಿದದ್ದನ್ನು ಆರಿಸುವ ಹಾಗೆ ಆಗಬಾರದು. ಸ್ವೀಟ್ ಬಾಕ್ಸನ್ನು ಹಬ್ಬದ ಹಿಂದಿನ ದಿನ ಕೊಡಿ, ನಿಮ್ಮ ಕೈಯಿಂದಲೇ, ಹೆಸರು ಹಿಡಿದು ಕರೆದು.

ನಿಮ್ಮ ಕೊನೆಯ ಸಾಲು ಮಾತ್ರ ನನ್ನನ್ನು ಕಾಡಿತು. ಕೂರಲು ಪುರುಸೊತ್ತಿಲ್ಲವೋ, ಕೂರಲು ಜಾಗವೇ ಇಲ್ಲವೋ? ಕೇರಳದ ಬಟ್ಟೆ ಅಂಗಡಿಗಳ ಹೆಂಗಸರು ಇದೇ ವಿಷಯಕ್ಕೆ ವರ್ಷಗಟ್ಟಲೆ ಹೋರಾಡಿದರು. ದಿನವಿಡೀ ನಿಂತು ಕಾಲು ಊದಿಕೊಳ್ಳುತ್ತಿತ್ತು, ಗಿರಾಕಿ ಇಲ್ಲದಾಗಲೂ ಕೂರುವಂತಿರಲಿಲ್ಲ. 2018ರಲ್ಲಿ ಅಲ್ಲಿನ ಸರ್ಕಾರ ಕಾನೂನು ತಿದ್ದಿ ಕೂರಲು ಅವಕಾಶ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಮಾಡಿತು. ದೀಪಾವಳಿಗೆ ಇನ್ನೂ ಸಮಯವಿದೆ. ಈ ವಾರವೇ ಕೌಂಟರ್ ಹಿಂದೆ ಆರು ಸ್ಟೂಲ್ ಹಾಕಿಸಿ.